ಹಸಿದವರ ಊರಿಗೆ ಏಳು ಮೆಣಸಿನ ಕಾಳು: ಒಂದು ಮಕ್ಕಳ ಕಥೆ ತಿದ್ದಿದ ಪ್ರಕರಣ

ಮಕ್ಕಳಿಗಾಗಿ ಬರೆದ ಹಸ್ತಪ್ರತಿಗಳನ್ನು ಓದಿ, ಬರೆದವರ ಜೊತೆ ಕೂತು ತಿದ್ದುವುದು ನನ್ನ ಕೆಲಸ. ಇಲ್ಲಿ ಹೇಳುತ್ತಿರುವುದು ಅಂಥ ಒಂದು ಹಸ್ತಪ್ರತಿಯ ಪ್ರಕರಣ. ಬರೆದವರು ಶಿರಸಿ ಕಡೆಯ ಒಬ್ಬ ಶಿಕ್ಷಕಿ. 9ರಿಂದ 12 ವರ್ಷದ ಮಕ್ಕಳಿಗೆ ಕಾಲಯಾನದ ಸಾಹಸ ಕಥೆ ಬರೆದಿದ್ದರು. ಅಕ್ಕ ಸಿರಿ, ತಮ್ಮ ಧನು ಪ್ರಾಚೀನ ಈಜಿಪ್ಟಿಗೆ ಹೋಗಿ ಬರುತ್ತಾರೆ.

ಮೊದಲ ಪ್ರತಿ ಹೀಗಿತ್ತು. ಶಾಲಾ ಪ್ರವಾಸದಲ್ಲಿ ಮಕ್ಕಳು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್ ಮ್ಯೂಸಿಯಮ್ಮಿಗೆ ಹೋಗುತ್ತಾರೆ. ಅಲ್ಲಿ ನಿಜವಾದ ಈಜಿಪ್ಟಿನ ಮಮ್ಮಿ ಇದೆ. ಧನು ಅದರ ಗಾಜು ಮುಟ್ಟುತ್ತಾನೆ. ಮಿಂಚು ಹೊಡೆದಂತಾಗಿ ಇಬ್ಬರೂ ಗೀಜಾದ ಮರಳಲ್ಲಿ ಬಿದ್ದಿರುತ್ತಾರೆ. ಒಂಟೆಗಳ ಸಾಲು ಬರುತ್ತದೆ. ಗುಲಾಮರಿಗೆ ಚಾಟಿಯೇಟು ಬೀಳುತ್ತಿರುತ್ತದೆ. ಕ್ಲಿಯೋಪಾತ್ರಾ ಮಕ್ಕಳನ್ನು ಅರಮನೆಗೆ ಕರೆದು ಊಟ ಹಾಕುತ್ತಾಳೆ. ಕೊನೆಗೆ ಪಿರಮಿಡ್ಡಿನ ಸುರಂಗ, ಶಾಪ, ಬೆನ್ನಟ್ಟುವ ಮಮ್ಮಿ, ಬಂಗಾರ.

ಬರವಣಿಗೆ ಚೆನ್ನಾಗಿತ್ತು. ಅಕ್ಕ ತಮ್ಮನ ಜಗಳ ನಿಜವಾದ ಜಗಳದ ಹಾಗೇ ಇತ್ತು. ಆದರೆ ಈಜಿಪ್ಟ್ ಬಂದ ಕೂಡಲೇ ಕಥೆ ಸಪ್ಪೆಯಾಗುತ್ತಿತ್ತು. ಮಕ್ಕಳು ಓಡುತ್ತಿದ್ದರು, ಅಡಗುತ್ತಿದ್ದರು, ತಪ್ಪಿಸಿಕೊಳ್ಳುತ್ತಿದ್ದರು. ಯಾರೂ ಅವರ ಜೊತೆ ಮಾತಾಡುತ್ತಿರಲಿಲ್ಲ. ಅಲ್ಲಿನ ಒಂದು ಮನೆಯೂ ಕಣ್ಣಿಗೆ ಬೀಳುತ್ತಿರಲಿಲ್ಲ.

ತಪ್ಪು ವಿವರಗಳನ್ನು ಸರಿಪಡಿಸುವುದು ಸುಲಭ. ಗೀಜಾದ ದೊಡ್ಡ ಪಿರಮಿಡ್ ಸುಮಾರು ಕ್ರಿ.ಪೂ. 2560ರದು. ಕ್ಲಿಯೋಪಾತ್ರಾ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ. ನಡುವೆ 2,500 ವರ್ಷ. ಕಾಲದ ಲೆಕ್ಕದಲ್ಲಿ ಆಕೆ ಪಿರಮಿಡ್ಡಿಗಿಂತ ನಮಗೇ ಹತ್ತಿರ. ಸಾಕಿದ ಒಂಟೆ ಅಲ್ಲಿ ಸಾಮಾನ್ಯವಾಗಿದ್ದು ಪಿರಮಿಡ್ ಕಟ್ಟಿ ಎಷ್ಟೋ ಶತಮಾನ ಕಳೆದ ಮೇಲೆ. ಅಲ್ಲಿಯ ತನಕ ಹೊರೆ ಹೊತ್ತಿದ್ದು ಕತ್ತೆ. ಚಾಟಿಯೇಟಿನ ಗುಲಾಮರ ಚಿತ್ರವೂ ನಿಲ್ಲುವುದಿಲ್ಲ. ಗೀಜಾದಲ್ಲಿ ಕೆಲಸಗಾರರ ಊರೇ ಸಿಕ್ಕಿದೆ. ಅವರ ರೊಟ್ಟಿ ಸುಡುವ ಒಲೆಗಳು ಸಿಕ್ಕಿವೆ. 1990ರಲ್ಲಿ ಅವರ ಗೋರಿಗಳೂ ಸಿಕ್ಕವು, ಅದೂ ರಾಜನ ಪಿರಮಿಡ್ಡಿನ ಹತ್ತಿರದಲ್ಲೇ.

ಇಷ್ಟನ್ನೂ ತಿದ್ದಿದರೂ ಕಥೆಯೇನೂ ಬದುಕುತ್ತಿರಲಿಲ್ಲ. ಒಂಟೆ ತೆಗೆದು ಕತ್ತೆ ಹಾಕಿದರೆ ಏನಾಯ್ತು? ಆ ಜಾಗದಲ್ಲಿ ಮಕ್ಕಳಿಗೆ ಕೆಲಸವೇ ಇರಲಿಲ್ಲ. ಅವರು ಬರದಿದ್ದರೂ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಶಿಕ್ಷಕಿಯನ್ನು ಕೇಳಿದೆ: ರಾಜನನ್ನು ಬಿಡಿ, ಬಂಗಾರವನ್ನೂ ಬಿಡಿ. ಅಲ್ಲಿನ ಯಾವ ಮನೆಯ ಬಾಗಿಲು ತಟ್ಟಬಹುದು?

ಈಜಿಪ್ಟಿನ ಮೂರು ಸಾವಿರ ವರ್ಷದಲ್ಲಿ ಹಾಗೆ ತಟ್ಟಬಹುದಾದ ಬಾಗಿಲು ಬಹಳ ಇಲ್ಲ. ಮಣ್ಣಿನ ಇಟ್ಟಿಗೆಯ ಮನೆಗಳು ನೈಲ್ ಪ್ರವಾಹದಲ್ಲಿ, ಹೊಲಗಳ ಅಡಿಯಲ್ಲಿ ಕರಗಿ ಹೋಗಿವೆ. ಪಿರಮಿಡ್ ಕಾಲವೇ ಬೇಕು ಅಂದರೆ ಒಂದು ದಾರಿ ಇತ್ತು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್ ಎಂಬಲ್ಲಿ ಮೆರೆರ್ ಎಂಬ ಅಧಿಕಾರಿಯ ದಿನಚರಿ ಸಿಕ್ಕಿತು. ತೂರಾದಿಂದ ಗೀಜಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ಲೆಕ್ಕ ಅದರಲ್ಲಿದೆ. ಶಿಕ್ಷಕಿ ಅದನ್ನು ಆಸೆಯಿಂದ ನೋಡಿದರು. ಆದರೆ ಅದು ಗಂಡಸರ ಕೆಲಸದ ಪಟ್ಟಿ. ಮನೆ, ಅಡುಗೆ, ಮಕ್ಕಳು ಅದರಲ್ಲಿ ಬರುವುದಿಲ್ಲ.

ಕೊನೆಗೆ ನಾವು ಹೋದದ್ದು ದೇರ್ ಎಲ್ ಮದೀನಾಗೆ. ಇಂದಿನ ಲಕ್ಸರ್ ಎದುರಿಗೆ, ನೈಲ್ ನದಿಯ ಪಶ್ಚಿಮ ದಡದಲ್ಲಿ, ಬೋಳು ಗುಡ್ಡಗಳ ನಡುವೆ ಇರುವ ಪುಟ್ಟ ಊರು. ರಾಜರ ಕಣಿವೆಯಲ್ಲಿ ಗೋರಿ ಕೊರೆದು ಬಣ್ಣ ಹಚ್ಚಿದ ಕೆಲಸಗಾರರು ಹೆಂಡತಿ ಮಕ್ಕಳ ಜೊತೆ ಇಲ್ಲೇ ಇದ್ದರು. ಗೋಡೆಯೊಳಗೆ ಸುಮಾರು 68 ಮನೆ, ನಡುವೆ ಒಂದು ಕಿರಿದಾದ ಓಣಿ. ಮನೆಗಳು ಒಂದಕ್ಕೊಂದು ಅಂಟಿಕೊಂಡು, ಉದ್ದಕ್ಕೆ ಹಿಂದೆ ಹಿಂದೆ ಕೋಣೆಗಳು. ಕೊನೆಯಲ್ಲಿ ಅಡುಗೆ ಜಾಗ, ರೊಟ್ಟಿಯ ಒಲೆ, ಮಾಳಿಗೆಗೆ ಮೆಟ್ಟಿಲು. ಫ್ರೆಂಚ್ ಪುರಾತತ್ವಜ್ಞ ಬರ್ನಾರ್ ಬ್ರುಯೇರ್ 1922ರಿಂದ 1951ರ ತನಕ ಇಲ್ಲಿ ಅಗೆದರು. ಹೊಲಕ್ಕೆ ದೂರ, ನೀರಿಗೆ ದೂರ ಇದ್ದದ್ದೇ ಊರನ್ನು ಉಳಿಸಿತು.

ಮನೆಗಳಿಗಿಂತ ಹೆಚ್ಚು ಬೆಲೆಯದ್ದು ಬೇರೆ ಇದೆ. ಈ ಊರಿನವರು ಬರೆಯುತ್ತಿದ್ದರು. ಸಣ್ಣ ಸುಣ್ಣಕಲ್ಲಿನ ಚಕ್ಕೆ, ಒಡೆದ ಮಡಕೆಯ ಚೂರು, ಸಿಕ್ಕಿದ್ದರ ಮೇಲೆಲ್ಲಾ ಬರೆದರು. ಗೋರಿಯ ಗೋಡೆಯಲ್ಲಿ ನಾವು ನೋಡುವ ಚಿತ್ರಲಿಪಿ ಅಲ್ಲ, ಬೇಗ ಬರೆಯಲು ಬರುವ ಹಿಯರಾಟಿಕ್ ಲಿಪಿಯಲ್ಲಿ. ಸಾಲ, ಕತ್ತೆ ಬಾಡಿಗೆ, ಜಗಳ, ಪತ್ರ, ಬಟ್ಟೆ ಒಗೆಯಲು ಕೊಟ್ಟ ಪಟ್ಟಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಹಾಜರಿ ಕಲ್ಲು ಇದೆ, ರಾಜ ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು. ಯಾರು ಯಾವ ದಿನ ಯಾಕೆ ಬರಲಿಲ್ಲ ಅಂತ ಬರೆದಿದೆ. ಒಬ್ಬನಿಗೆ ಚೇಳು ಕಚ್ಚಿತ್ತು. ಒಬ್ಬನಿಗೆ ಕಣ್ಣು ನೋವು. ಒಬ್ಬ ಬಿಯರ್ ಮಾಡುತ್ತಿದ್ದ. ಇದನ್ನು ಓದಿದ ದಿನ ಶಿಕ್ಷಕಿ ಫೋನ್ ಮಾಡಿ, "ಇದು ನಮ್ಮ ಶಾಲೆಯ ಹಾಜರಿ ಪುಸ್ತಕವೇ ಅಲ್ವಾ!" ಅಂದರು. ಅವತ್ತೇ ಹಳೆಯ ಪ್ರತಿಯನ್ನು ಬದಿಗಿಟ್ಟರು. ಉಳಿದದ್ದು ಇಬ್ಬರು ಮಕ್ಕಳು ಮತ್ತು ಅವರ ಜಗಳ ಮಾತ್ರ.

ಜಾಗ ಸಿಕ್ಕಿತು. ಯಾವ ದಿನಕ್ಕೆ ಹೋಗಬೇಕು ಅನ್ನುವುದು ಮುಂದಿನ ಪ್ರಶ್ನೆ. ಈ ಊರಿನ ವಿಷಯದಲ್ಲಿ ಅದಕ್ಕೂ ಉತ್ತರ ಇತ್ತು. ಟ್ಯೂರಿನ್ ನಗರದ ಈಜಿಪ್ಟ್ ಮ್ಯೂಸಿಯಮ್ಮಿನಲ್ಲಿ ಒಂದು ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಬರಹ ಇದೆ. ಅದು ಒಂದು ಮುಷ್ಕರದ ದಾಖಲೆ. ಜಗತ್ತಿನಲ್ಲಿ ನಮಗೆ ಗೊತ್ತಿರುವ ಅತಿ ಹಳೆಯ ಮುಷ್ಕರ ಇದು. ಬರೆದವನು ಆ ಊರಿನ ಲಿಪಿಕಾರ ಅಮೆನ್ನಖ್ತ್ ಎಂದು ವಿದ್ವಾಂಸರು ಹೇಳುತ್ತಾರೆ. ಕಾಲ ಮೂರನೇ ರಾಮ್ಸೆಸ್‌ನ 29ನೇ ವರ್ಷ, ಸುಮಾರು ಕ್ರಿ.ಪೂ. 1157.

ಈ ಕೆಲಸಗಾರರಿಗೆ ಸಂಬಳ ಅಂದರೆ ಧಾನ್ಯ. ಆ ಕಾಲದಲ್ಲಿ ನಾಣ್ಯ ಇರಲಿಲ್ಲ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಚೀಲ ಎಮ್ಮರ್ ಎಂಬ ಹಳೆಯ ಬಗೆಯ ಗೋಧಿ, ಒಂದೂವರೆ ಚೀಲ ಬಾರ್ಲಿ. ಒಂದು ಚೀಲ ಅಂದರೆ ಸುಮಾರು 76 ಲೀಟರ್. ಗೋಧಿಯಿಂದ ರೊಟ್ಟಿ, ಬಾರ್ಲಿಯಿಂದ ಬಿಯರ್. ಮೀನು, ತರಕಾರಿ, ಸೌದೆ, ನೀರು ಎಲ್ಲವೂ ಸರ್ಕಾರದಿಂದಲೇ ಬರಬೇಕು. ಊರಿನಲ್ಲಿ ಬಾವಿ ಇಲ್ಲ, ಹೊಲ ಇಲ್ಲ. ಪಡಿ ತಡವಾದರೆ ಇಡೀ ಊರಿನ ಒಲೆ ತಣ್ಣಗೆ.

ಆ ವರ್ಷ ಪಡಿ ಬರಲಿಲ್ಲ. ಬೆಳೆ ಚಿಗುರುವ ಕಾಲದ ಎರಡನೇ ತಿಂಗಳ 10ನೇ ದಿನ ಕೆಲಸಗಾರರು ಗೋರಿ ಪ್ರದೇಶದ ಐದು ಗೋಡೆಗಳನ್ನು ದಾಟಿ ಹೊರಗೆ ಬಂದರು. "ನಾವು ಹಸಿದಿದ್ದೇವೆ, 18 ದಿನ ಕಳೆದವು" ಎಂದರು. ಮೂರನೇ ಥುತ್ಮೋಸ್‌ನ ದೇವಸ್ಥಾನದ ಹಿಂದೆ ಹೋಗಿ ಕೂತುಬಿಟ್ಟರು. 12ನೇ ದಿನ ಎರಡನೇ ರಾಮ್ಸೆಸ್‌ನ ದೇವಸ್ಥಾನವಾದ ರಾಮೆಸ್ಸಿಯಮ್ ಒಳಗೇ ನುಗ್ಗಿದರು. ಅಲ್ಲಿ ಅವರು ಹೇಳಿದ ಮಾತು ದಾಖಲಾಗಿದೆ: ಹಸಿವು ಬಾಯಾರಿಕೆಯಿಂದ ಇಲ್ಲಿಗೆ ಬಂದೆವು. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ. ನಮ್ಮ ದೊರೆ ಫೇರೋಗೆ ಹೇಳಿ ಕಳಿಸಿ. ನಮ್ಮ ಮೇಲಧಿಕಾರಿ ವಜೀರನಿಗೂ ಹೇಳಿ ಕಳಿಸಿ.

ನಮ್ಮ ಕಥೆಗೆ ಬಾಗಿಲು ತೆರೆದದ್ದು ಇದರ ನಂತರ ಬರುವ ಸಾಲು. ಕಾವಲು ಪಡೆಯ ಮುಖ್ಯಸ್ಥ ಮೊಂತುಮೋಸೆ ಕೆಲಸಗಾರರ ಪರವಾಗಿಯೇ ಮಾತಾಡುತ್ತಾನೆ. ಮನೆಗೆ ಹೋಗಿ, ಹತ್ಯಾರು ತೆಗೆದುಕೊಳ್ಳಿ, ಬಾಗಿಲು ಹಾಕಿ, ಹೆಂಡತಿ ಮಕ್ಕಳನ್ನು ಕರೆತನ್ನಿ, ನಾನೇ ಮುಂದೆ ನಡೆದು ನಿಮ್ಮನ್ನು ರಾಜ ಸೇತಿಯ ದೇವಸ್ಥಾನದಲ್ಲಿ ಕೂರಿಸುತ್ತೇನೆ ಅನ್ನುತ್ತಾನೆ.

ಮಕ್ಕಳನ್ನು ಕರೆತನ್ನಿ ಅಂತ ದಾಖಲೆಯಲ್ಲೇ ಇದೆ! ಮಕ್ಕಳ ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇನ್ನೇನು ಬೇಕು? ಆ ಗುಂಪಿನಲ್ಲಿ ಇನ್ನಿಬ್ಬರು ಮಕ್ಕಳು ನಡೆದರೆ ಇತಿಹಾಸಕ್ಕೆ ಏನೂ ಆಗುವುದಿಲ್ಲ. ಸಿರಿಗೂ ಧನುಗೂ ಕೊನೆಗೂ ನಿಲ್ಲಲು ಜಾಗ ಸಿಕ್ಕಿತು. ಅವರಿಗೆ ಜೊತೆಯಾಗಿ ಮೆರಿತ್ ಎಂಬ ಹತ್ತು ವರ್ಷದ ಹುಡುಗಿ ಬಂದಳು. ಆ ಊರಿನ ದಾಖಲೆಗಳಲ್ಲಿ ಕಾಣುವ ಹೆಸರು ಅದು, ಕನ್ನಡದ ನಾಲಿಗೆಗೂ ಸುಲಭ.

ಇಲ್ಲಿಂದ ಕಾಲಯಾನದ ನಿಯಮ ತಾನಾಗಿ ಹುಟ್ಟಿತು. ಪಪೈರಸ್ಸಿನಲ್ಲಿ ಬರೆದಿರುವುದನ್ನು ಮಕ್ಕಳು ಬದಲಿಸುವಂತಿಲ್ಲ. ಬರೆಯದೆ ಬಿಟ್ಟದ್ದೆಲ್ಲಾ ಅವರದು. ಅಮೆನ್ನಖ್ತ್ ಒಂದು ದಿನಕ್ಕೆ ಎರಡು ಮೂರು ಸಾಲು ಬರೆದಿದ್ದಾನೆ. ಆ ಸಾಲುಗಳ ನಡುವೆ ಇಡೀ ಹಗಲು, ಇಡೀ ರಾತ್ರಿ ಇದೆ. ಮೆರಿತ್‌ಳ ಪುಟ್ಟ ತಮ್ಮ ಕತ್ತಲಲ್ಲಿ ಕಳೆದುಹೋಗಬಹುದು. ಅವನನ್ನು ಹುಡುಕಲು ಹೋದವರು ಕಣಿವೆಯ ಗುಡ್ಡದ ಮೇಲಿನ ಗುಡಿಸಲು ತಲುಪಬಹುದು. ಅಪ್ಪಂದಿರು ಕೆಲಸದ ದಿನಗಳಲ್ಲಿ ಮಲಗುತ್ತಿದ್ದ ಗುಡಿಸಲುಗಳು ಅಲ್ಲಿವೆ. ಊರಿನವರು ಹೆದರಿ ಪೂಜಿಸುತ್ತಿದ್ದ ಹಾವಿನ ದೇವತೆ ಮೆರೆತ್ಸೆಗೆರ್ ಆ ಬೆಟ್ಟದಲ್ಲೇ ಇದ್ದಾಳೆ ಎಂಬ ನಂಬಿಕೆ ಇತ್ತು. ಸಾಹಸಕ್ಕೆ ಬೇಕಾದ ಭಯ ಅಲ್ಲಿದೆ. ಬೆನ್ನಟ್ಟುವ ಮಮ್ಮಿ ಬೇಕಾಗಲಿಲ್ಲ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಕಾಲಯಾನದ ಮಕ್ಕಳ ಕಥೆಯಲ್ಲಿ ನಮ್ಮ ಮಗು ಹೋಗಿ ಆ ಕಾಲದವರನ್ನು ಉದ್ಧಾರ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹಸಿದ ಜನ ತಾವೇ ಎದ್ದು ಹೋಗಿ ಕೂತಿದ್ದಾರೆ. ಆ ಧೈರ್ಯ ಅವರದು. ಅದನ್ನು ಶಿರಸಿಯ ಇಬ್ಬರು ಮಕ್ಕಳಿಗೆ ಕೊಟ್ಟರೆ ಅವರಿಂದ ಕದ್ದ ಹಾಗೆ. ಶಿಕ್ಷಕಿಯ ಮೊದಲ ಯೋಚನೆಯಲ್ಲಿ ಸಿರಿಯೇ "ಕೆಲಸ ನಿಲ್ಲಿಸಿ" ಅಂತ ಸಲಹೆ ಕೊಡುತ್ತಿದ್ದಳು. ಈ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ವಾದ ಮಾಡಿದೆವು. ಓದುವ ಮಗುವಿಗೆ ತನ್ನಂಥವರು ಏನಾದರೂ ಮಾಡಬೇಕು ಅನ್ನಿಸುತ್ತದೆ ಎಂಬುದು ಅವರ ಮಾತು. ಅದು ನ್ಯಾಯವೇ. ಹಾಗಾಗಿ ಸಿರಿ ಮಾಡುವ ಕೆಲಸ ಚಿಕ್ಕದಾಯಿತು, ಆದರೆ ನಿಜವಾಯಿತು. ಅಮ್ಮಂದಿರು ದೇವಸ್ಥಾನದಲ್ಲಿ ಕೂತಿರುವಾಗ ಅವಳು ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಕಥೆ ಹೇಳಿ ಹಸಿವು ಮರೆಸುತ್ತಾಳೆ.

ಹೋಗುವ ದಾರಿಯ ವಿಷಯ ಉಳಿದಿತ್ತು. ಮ್ಯೂಸಿಯಮ್ಮಿನ ಮಮ್ಮಿ ನನಗೆ ಮೊದಲಿಂದಲೂ ಇಷ್ಟವಿರಲಿಲ್ಲ. ಅದು ಸತ್ತ ಒಬ್ಬ ಮನುಷ್ಯನ ದೇಹ. ಅದನ್ನು ಸ್ವಿಚ್ಚಿನ ಹಾಗೆ ಬಳಸುವುದು ಬೇಡ ಅಂದೆ. ಶಿಕ್ಷಕಿ ತಕ್ಷಣ ಒಪ್ಪಿದರು. ಆದರೆ ಶಿರಸಿಗೂ ನೈಲ್ ನದಿಗೂ ಏನು ನಂಟು?

ಕನ್ನಡದವರಿಗೆ ಈಜಿಪ್ಟ್ ಅಂದಾಗ ನೆನಪಾಗುವುದು ಆಕ್ಸಿರಿಂಕಸ್ ಪ್ರಹಸನ. ಈಜಿಪ್ಟಿನ ಮರಳಲ್ಲಿ ಸಿಕ್ಕ ಆ ಗ್ರೀಕ್ ನಾಟಕದ ಕೆಲವು ಮಾತು ಕನ್ನಡ ಎಂದು ಗೋವಿಂದ ಪೈ ಮುಂತಾದವರು ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಶಿಕ್ಷಕಿಗೆ ಅದನ್ನು ತರುವ ಆಸೆ ಇತ್ತು. ಆದರೆ ಆ ಹಸ್ತಪ್ರತಿ ರೋಮನ್ನರ ಕಾಲದ್ದು, ನಮ್ಮ ಮುಷ್ಕರ ನಡೆದು 1,200 ವರ್ಷಕ್ಕೂ ಜಾಸ್ತಿ ಆದ ಮೇಲಿನದು. ಬೇರೆ ಕಥೆಗೆ ಇರಲಿ ಅಂದುಕೊಂಡೆವು.

ಸರಿಯಾದ ನಂಟು ಶಿಕ್ಷಕಿಯ ಮನೆಯ ಅಟ್ಟದಲ್ಲೇ ಇತ್ತು. ಕರಿಮೆಣಸು. ಎರಡನೇ ರಾಮ್ಸೆಸ್ ತೀರಿಕೊಂಡದ್ದು ಕ್ರಿ.ಪೂ. 1213ರಲ್ಲಿ. ಅವನ ದೇಹವನ್ನು ಕೆಡದಂತೆ ಸಿದ್ಧಪಡಿಸುವಾಗ ಮೂಗಿನಲ್ಲಿ ಮೆಣಸಿನ ಕಾಳು ತುಂಬಿದ್ದರು. 1976ರಲ್ಲಿ ಆ ದೇಹವನ್ನು ಪ್ಯಾರಿಸ್ಸಿಗೆ ಒಯ್ದು ಪರೀಕ್ಷೆ ಮಾಡಿದ ಮೇಲೆ ಇದು ತಿಳಿಯಿತು. ಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟದ ಕಾಡು. ಮೂರು ಸಾವಿರ ವರ್ಷಕ್ಕೂ ಹಿಂದೆ ಈ ಕಡೆಯ ಕಾಳು ಆ ರಾಜನ ಮೂಗು ಸೇರಿತ್ತು.

ಮೂಗಿಗೆ ಮೆಣಸು ಹೋದರೆ ಏನಾಗುತ್ತದೆ? ಸೀನು. ಶಿಕ್ಷಕಿಗೆ ಇದು ಹೊಳೆದಾಗ ನಾನು ಎದುರಿಗೇ ಇದ್ದೆ. ಅಜ್ಜಿ ಕೆಮ್ಮಿಗೆ ಅಂತ ಕೊಟ್ಟ ಏಳು ಕಾಳು ಸಿರಿಯ ಜೇಬಿನಲ್ಲಿ ಇರುತ್ತವೆ. ಒಂದು ಕಾಳು ಪುಡಿ ಮಾಡಿ ಇಬ್ಬರೂ ಮೂಸಿ ಸೀನಿದರೆ ಅಲ್ಲಿ. ಇನ್ನೊಂದು ಪುಡಿ ಮಾಡಿ ಸೀನಿದರೆ ಇಲ್ಲಿ.

ಭಾಷೆಯ ತೊಡಕನ್ನೂ ಮೆಣಸೇ ಬಿಡಿಸಿತು. ಕಾಲಯಾನದ ಬಹಳ ಕಥೆಗಳಲ್ಲಿ ಮಕ್ಕಳಿಗೆ ಎಲ್ಲ ಭಾಷೆಯೂ ಸುಮ್ನೆ ಅರ್ಥವಾಗಿಬಿಡುತ್ತದೆ. ನಮ್ಮ ಕಥೆಯಲ್ಲಿ ಕಾಳು ಅಗಿದರೆ, ನಾಲಿಗೆಯಲ್ಲಿ ಖಾರ ಇರುವ ತನಕ ಮಾತು ಅರ್ಥವಾಗುತ್ತದೆ. ಖಾರ ಇಳಿದರೆ ಬರೀ ಸದ್ದು. ಹಾಗಾದಾಗ ಮಕ್ಕಳು ಕಲ್ಲಿನ ಚಕ್ಕೆ ಮೇಲೆ ಚಿತ್ರ ಬರೆದು ಮಾತಾಡುತ್ತಾರೆ. ಇದಕ್ಕೂ ಆಧಾರ ಇದೆ. ಬಾತುಗಳನ್ನು ಮೇಯಿಸುವ ಬೆಕ್ಕು, ಇಲಿಗೆ ಸೇವೆ ಮಾಡುವ ಬೆಕ್ಕು, ಇಂಥ ತಮಾಷೆ ಚಿತ್ರಗಳು ಆ ಕಾಲದ ಚಕ್ಕೆಗಳ ಮೇಲೆ ಸಿಕ್ಕಿವೆ. ಮೆರಿತ್‌ಳ ಅಣ್ಣ ಅಂಥದ್ದೊಂದನ್ನು ಬರೆದು ತೋರಿಸಿದಾಗ ಧನು ನಕ್ಕು ನಕ್ಕು ಉರುಳುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಪುಟ ಅದು.

ಏಳು ಕಾಳಿನ ಲೆಕ್ಕ ಕಥೆಗೆ ಬೆನ್ನೆಲುಬಾಯಿತು. ಎರಡು ಸಲ ಹೋಗಿ ಬರಲು ನಾಲ್ಕು. ಮಾತಿಗೆ ಪ್ರತಿ ಸಲ ಒಂದೊಂದು, ಇಬ್ಬರೂ ಅರ್ಧರ್ಧ ಅಗಿಯಬೇಕು. ಕೊನೆಗೆ ಒಂದು ಉಳಿಯುತ್ತದೆ. ಆ ಊರಿನವರು ಪಡಿ ಬರದೆ ಧಾನ್ಯ ಎಣಿಸುತ್ತಿರುವಾಗ ಈ ಮಕ್ಕಳೂ ಕಾಳು ಎಣಿಸುತ್ತಿರುತ್ತಾರೆ. ಶಿಕ್ಷಕಿ ಇದನ್ನು ಎಲ್ಲೂ ಬಾಯಿ ಬಿಟ್ಟು ಹೇಳಿಲ್ಲ. ಹೇಳಬೇಡಿ ಅಂತ ನಾನು ಕೇಳಿಕೊಂಡೆ.

ಇನ್ನು ವಿವರ ತುಂಬುವ ರೀತಿ. ಇತಿಹಾಸದ ಕಥೆ ಬರೆಯುವ ಬಹಳ ಜನ, ಅದರಲ್ಲೂ ಪಾಠ ಮಾಡುವವರು, ಪಾತ್ರಗಳ ಬಾಯಲ್ಲಿ ಪಾಠ ಹೇಳಿಸುತ್ತಾರೆ. ಹಳೆಯ ಪ್ರತಿಯಲ್ಲಿ ಸಿರಿ ಹೀಗೆ ಹೇಳುತ್ತಿದ್ದಳು: "ನೋಡು ಧನು, ಇದೇ ನೈಲ್ ನದಿ. ಈಜಿಪ್ಟಿನ ಜೀವನಾಡಿ." ಯಾವ ಅಕ್ಕ ತಮ್ಮನ ಹತ್ತಿರ ಹೀಗೆ ಮಾತಾಡುತ್ತಾಳೆ? ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು. ಯಾರಿಗಾದರೂ ಆ ವಿಷಯದಿಂದ ತೊಂದರೆ ಆದಾಗ ಮಾತ್ರ ಅದು ಕಥೆಗೆ ಬರಬೇಕು. ಹೊಸ ಪ್ರತಿಯ ತುಣುಕು ಇದು:

"ಧನು ಬಾಗಿಲ ಬಳಿಯ ಮಡಕೆ ಬಗ್ಗಿಸಿ ಧೂಳು ಮೆತ್ತಿದ ಕಾಲಿಗೆ ನೀರು ಸುರಿದುಕೊಂಡ. ಮೆರಿತ್‌ಳ ಅಮ್ಮ ಓಡಿ ಬಂದು ಮಡಕೆ ಕಿತ್ತುಕೊಂಡಳು. ಅವಳು ಬೈಯಲಿಲ್ಲ. ಮಡಕೆಯೊಳಗೆ ಇಣುಕಿ ನೋಡಿದಳು. ನಾಳೆ ಕತ್ತೆ ಬರುವ ತನಕ ಆರು ಬಾಯಿಗೆ ಅಷ್ಟೇ ನೀರು."

ಬಾವಿ ಇಲ್ಲದ ಊರು, ಕತ್ತೆಯ ಮೇಲೆ ಬರುವ ನೀರು, ಎರಡೂ ಬಂದವು. ಧನುವಿನ ಮುಖ ಸಪ್ಪಗಾಗಿದ್ದು ಕೂಡ ಕಾಣುತ್ತದೆ. ಅವರು ತಿನ್ನುವ ಊಟಕ್ಕೂ ಇದೇ ರೀತಿ. ರೊಟ್ಟಿಯಲ್ಲಿ ಮರಳಿನ ಕಣ ಹಲ್ಲಿಗೆ ಸಿಕ್ಕಾಗ ಧನು ಉಗುಳಲು ಹೋಗುತ್ತಾನೆ, ಸಿರಿ ಚಿವುಟುತ್ತಾಳೆ. ಈರುಳ್ಳಿ, ಬೆಳ್ಳುಳ್ಳಿ, ಒಣಗಿಸಿದ ಮೀನು, ಖರ್ಜೂರ ಇರಬಹುದು. ಟೊಮೆಟೊ, ಆಲೂಗಡ್ಡೆ, ಹಸಿಮೆಣಸು ಬರುವಂತಿಲ್ಲ. ಅವೆಲ್ಲಾ ಅಮೆರಿಕದಿಂದ ಬಂದದ್ದು ಬಹಳ ಆಮೇಲೆ. ಬಿಯರ್ ವಿಷಯ ಬಂದಾಗ ಶಿಕ್ಷಕಿ ಹಿಂಜರಿದರು. ಶಾಲೆಗಳು ಪುಸ್ತಕ ಕೊಳ್ಳದಿದ್ದರೆ ಅಂತ ಭಯ. ಆದರೆ ಅದು ಆ ಜನರ ದಿನದ ಆಹಾರ. ಬಾರ್ಲಿ ಪಡಿ ಕೊಡುತ್ತಿದ್ದದ್ದೇ ಅದಕ್ಕೆ. ಮೆರಿತ್‌ಳ ಅಮ್ಮ ಅದನ್ನು ಮಾಡುತ್ತಾಳೆ, ಈ ವಾರ ಬಾರ್ಲಿ ಇಲ್ಲದೆ ಪಾತ್ರೆ ಬೋರಲು ಹಾಕಿದ್ದಾಳೆ. ಅಷ್ಟು ಸಾಕಾಯಿತು.

ಎರಡನೇ ಪ್ರಯಾಣ ಮೂರು ತಿಂಗಳ ನಂತರದ್ದು, ಸುಗ್ಗಿ ಕಾಲದ ಮೊದಲ ತಿಂಗಳು. ಇದಕ್ಕೂ ಅದೇ ಪಪೈರಸ್ ಕಾರಣ. ಆ ತಿಂಗಳ 16ನೇ ದಿನ ಪೆನನುಕೆತ್ ಎಂಬ ಕೆಲಸಗಾರ ದೂರು ಕೊಡುತ್ತಾನೆ. ತನ್ನ ಜೊತೆಯವರಿಬ್ಬರು ಎರಡನೇ ರಾಮ್ಸೆಸ್‌ನ ಗೋರಿಯ ಮೇಲಿನ ಕಲ್ಲು ಕಿತ್ತಿದ್ದಾರೆ ಅನ್ನುತ್ತಾನೆ. ಮೂಗಿನಲ್ಲಿ ಮೆಣಸು ಇದ್ದ ರಾಜ ಇವನೇ. ಊರೆಲ್ಲಾ ಗೋರಿ ಕಳ್ಳತನದ ಗುಸುಗುಸು ಇರುವಾಗ, ಯಾರೂ ಕಾಣದ ಕಪ್ಪು ಕಾಳು ಒಬ್ಬ ಅಪರಿಚಿತ ಹುಡುಗಿಯ ಜೇಬಿನಲ್ಲಿ ಸಿಕ್ಕರೆ? ಅಮೆನ್ನಖ್ತ್ ಉಳಿದ ಎರಡು ಕಾಳನ್ನೂ ಕಿತ್ತು ಇಟ್ಟುಕೊಳ್ಳುತ್ತಾನೆ. ಈಗ ಮನೆಗೆ ಹೋಗುವ ದಾರಿಯೇ ಇಲ್ಲ. ನಾಲಿಗೆಯ ಖಾರ ಬೇರೆ ಇಳಿಯುತ್ತಿದೆ.

ಮಕ್ಕಳು ಪಾರಾಗುವುದು ಹೇಗೆ ಅನ್ನುವುದಕ್ಕೆ ನಾನು ಸೂಚಿಸಿದ ಮೂರ್ನಾಲ್ಕು ದಾರಿಗಳೂ ಸಪ್ಪೆಯಾಗಿದ್ದವು. ಉತ್ತರ ಶಿಕ್ಷಕಿಯ ತೋಟದಿಂದ ಬಂತು. ಮೆರಿತ್‌ಳ ತಾತ 56 ವರ್ಷದ ಹಿಂದೆ ಆ ರಾಜನ ಅಂತ್ಯಕ್ರಿಯೆಯ ಸಾಮಾನು ಹೊತ್ತವನು. ಆ ಕಾಳನ್ನು ಕಂಡವನು ಊರಿನಲ್ಲಿ ಅವನೊಬ್ಬನೇ. ಸಿರಿ ಒಂದು ಕಾಳನ್ನು ಉಗುರಿನಿಂದ ಕೆರೆದು ಮೂಸಲು ಕೊಡುತ್ತಾಳೆ. ಹಳೇ ಮೆಣಸು, ಹೊಸ ಮೆಣಸು ಗುರುತಿಸಲು ಅಜ್ಜಿ ಕಲಿಸಿದ ರೀತಿ ಅದು. ತಾಜಾ ವಾಸನೆ. ಈ ವರ್ಷದ ಬೆಳೆ. 56 ವರ್ಷ ಗೋರಿಯಲ್ಲಿದ್ದ ಕಾಳಿಗೆ ಈ ಘಾಟು ಬರಲು ಸಾಧ್ಯವೇ ಇಲ್ಲ ಎಂದು ತಾತ ಹೇಳುತ್ತಾನೆ. ಲಿಪಿಕಾರ ಕಾಳನ್ನು ಹಿಂದಿರುಗಿಸುತ್ತಾನೆ, ಪಪೈರಸ್ಸಿನಲ್ಲಿ ಏನನ್ನೂ ಬರೆಯುವುದಿಲ್ಲ. ಕದ್ದ ಮಾಲಲ್ಲದ ಮೇಲೆ ಬರೆಯುವುದೇನು? ನಿಯಮ ಮುರಿಯಲಿಲ್ಲ. ಮಲೆನಾಡಿನ ಒಂದು ಮಗು ತನ್ನ ಮನೆಯ ತಿಳಿವಳಿಕೆಯಿಂದಲೇ ಪಾರಾಯಿತು.

ಹಸ್ತಪ್ರತಿ ಸಿದ್ಧವಾದ ಮೇಲೆ ಶಿಕ್ಷಕಿ ಅದನ್ನು ಆರನೇ ತರಗತಿಯ ಮಕ್ಕಳಿಗೆ ದಿನಕ್ಕೊಂದು ಅಧ್ಯಾಯದಂತೆ ಓದಿದರು. ನಾನೂ ಕೆಲವು ದಿನ ಹೋಗಿ ಕೂತೆ. ಮಕ್ಕಳು ಬಿಟ್ಟೂ ಬಿಡದೆ ಕೇಳಿದ್ದು ಒಂದೇ: "ಪಡಿ ಸಿಕ್ತಾ?" ಇದಕ್ಕೆ ಸುಳ್ಳು ಹೇಳುವುದು ಸುಲಭವಿತ್ತು. ನಿಜ ಏನೆಂದರೆ, ಹಿಂದಿನ ತಿಂಗಳ ಬಾಕಿ ಸಿಕ್ಕಿತು. ಆಮೇಲೆ ಮತ್ತೆ ತಡವಾಯಿತು, ಮತ್ತೆ ಹೋಗಿ ಕೂತರು. ರಾಜನ 30ನೇ ವರ್ಷದ ಹಬ್ಬಕ್ಕೆ ದೇವರುಗಳನ್ನು ಒಯ್ಯಲು ಬಂದಿದ್ದ ವಜೀರ ತೋ, ಊರಿನೊಳಗೆ ಬರದೆ ಹೇಳಿ ಕಳಿಸಿದ. ಉಗ್ರಾಣದಲ್ಲೇ ಏನೂ ಇಲ್ಲದಿದ್ದರೂ ಸಿಕ್ಕಿದ್ದನ್ನು ಕೊಡುತ್ತೇನೆ ಅಂದ. ಒಮ್ಮೆ ದಾರಿಯಲ್ಲಿ ಹೋಗುತ್ತಿದ್ದ ಥೀಬ್ಸ್‌ನ (ಇಂದಿನ ಲಕ್ಸರ್) ನಗರಾಧಿಪತಿಯನ್ನು ಕೆಲಸಗಾರರು ಕೂಗಿ ನಿಲ್ಲಿಸಿದರು. ಫೇರೋ ಪಡಿ ಕೊಡುವ ತನಕ ಬದುಕಲು ಅಂತ ಅವನು 50 ಚೀಲ ಗೋಧಿ ಕೊಡಿಸಿದ. ಕಥೆಯಲ್ಲಿ ಇದೆಲ್ಲಾ ಇದ್ದ ಹಾಗೇ ಇದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, "ಹಬ್ಬಕ್ಕೆ ದುಡ್ಡಿತ್ತಲ್ಲ!" ಅಂದ. ತರಗತಿಯೇ ಸಿಟ್ಟಾಯಿತು. ಅವತ್ತು ಶಿಕ್ಷಕಿ ಏನನ್ನೂ ವಿವರಿಸಲಿಲ್ಲ. ಮಕ್ಕಳೇ ಮಾತಾಡಿಕೊಂಡರು.

ಮಕ್ಕಳಿಗೆ ಬೇಜಾರಾದ ಜಾಗವೂ ಇತ್ತು. ಗೋರಿಯೊಳಗೆ ದೀಪದ ಬತ್ತಿ ಎಣಿಸಿ ಕೊಡುವ, ತಾಮ್ರದ ಉಳಿಗಳನ್ನು ತೂಗಿ ಕೊಡುವ ಅಧ್ಯಾಯ ಉದ್ದವಾಯಿತು. ನಮಗೆ ಅದು ಬಹಳ ಇಷ್ಟ. ಅವರು ಆಕಳಿಸಿದರು. ಅರ್ಧಕ್ಕೆ ಇಳಿಸಿದೆವು.

ಕೊನೆಯ ಕಾಳು ಯಾರಿಗೆ? ಮೆರಿತ್ ಕೈಯಲ್ಲಿ ನೆನಪಿಗೆ ಕೊಟ್ಟು ಬರಲಿ ಅಂತ ಶಿಕ್ಷಕಿ ಬರೆದಿದ್ದರು. ಮೆಣಸಿನ ಕಾಳು ಆ ಊರಿನಲ್ಲಿ ಉಳಿದರೆ ಮುಂದೆ ಅದೇ ಅನುಮಾನ ಮೆರಿತ್ ಮೇಲೆ ಬರುತ್ತದೆ ಎಂದು ನಾನು ಒಪ್ಪಲಿಲ್ಲ. ಅದನ್ನು ಬಿಡಿಸಿದ್ದು ತರಗತಿಯ ಒಬ್ಬ ಹುಡುಗಿ. "ಅವಳೇ ತಿನ್ನಲಿ, ಆಗ ನಮ್ಮ ಮಾತು ಅವಳಿಗೆ ಗೊತ್ತಾಗುತ್ತೆ" ಅಂದಳು. ಅಲ್ಲಿಯವರೆಗೆ ಖಾರ ತಿಂದು ಅರ್ಥ ಮಾಡಿಕೊಂಡವರು ಬರೀ ಸಿರಿ, ಧನು. ಈಗ ಮೆರಿತ್ ಕಾಳು ಕಚ್ಚುತ್ತಾಳೆ, ಕಣ್ಣಲ್ಲಿ ನೀರು ಬರುತ್ತದೆ, ಮೊದಲ ಸಲ ಕನ್ನಡ ಕೇಳಿಸಿಕೊಳ್ಳುತ್ತಾಳೆ. ಧನು ಆಗ ಏನು ಹೇಳುತ್ತಾನೆ ಎಂಬುದನ್ನು ಶಿಕ್ಷಕಿ ತುಂಬಾ ಚೆನ್ನಾಗಿ ಬರೆದಿದ್ದಾರೆ. ಅದನ್ನು ಪುಸ್ತಕದಲ್ಲೇ ಓದಬೇಕು.

ಹಸ್ತಪ್ರತಿ ಈಗ ಚಿತ್ರಕಾರರ ಕೈಯಲ್ಲಿದೆ. ಅವರಿಗೆ ಒಂದು ಪುಟದ ಟಿಪ್ಪಣಿ ಕೊಟ್ಟಿದ್ದೇವೆ. ಪಿರಮಿಡ್ ಬೇಡ, ಆದರೆ ಊರಿನ ಹಿಂದಿನ ಬೆಟ್ಟದ ತುದಿ ಪಿರಮಿಡ್ಡಿನ ಹಾಗೇ ಇದೆ, ಅದನ್ನು ಬರೆಯಿರಿ. ಗಂಡು ಮಕ್ಕಳ ತಲೆಯ ಒಂದು ಬದಿಯಲ್ಲಿ ಮಾತ್ರ ಜಡೆ. ನಾಯಿ, ಬೆಕ್ಕು, ಕತ್ತೆ ಎಷ್ಟು ಬೇಕಾದರೂ. ಪುಸ್ತಕದ ಕೊನೆಗೆ ಎರಡು ಪುಟ, ಯಾವುದು ನಿಜ, ಯಾವುದು ಕಟ್ಟಿದ್ದು ಅಂತ ಮಕ್ಕಳಿಗೆ ಅರ್ಥವಾಗುವ ಹಾಗೆ. ಅಮೆನ್ನಖ್ತ್, ಮೊಂತುಮೋಸೆ, ಪೆನನುಕೆತ್, ತೋ ನಿಜ. ಮೆರಿತ್ ಮತ್ತು ತಾತ ಕಟ್ಟಿದವರು. ರಾಜನ ಮೂಗಿನ ಮೆಣಸು ನಿಜ, ಆ ಊರಿನಲ್ಲಿ ಅದನ್ನು ಒಬ್ಬ ಮುದುಕ ಗುರುತಿಸಿದ್ದು ಕಟ್ಟಿದ್ದು.

ಶಿಕ್ಷಕಿ ಆಗಲೇ ಎರಡನೇ ಕಥೆಗೆ ಕೈ ಹಾಕಿದ್ದಾರೆ. ಅದೇ ಊರು, ಕೆಲವು ವರ್ಷಗಳ ನಂತರ, ಐದನೇ ರಾಮ್ಸೆಸ್‌ನ 3ನೇ ವರ್ಷ. ನೌನಖ್ತೆ ಎಂಬ ತಾಯಿ ಸಾಕ್ಷಿಗಳನ್ನು ಕೂರಿಸಿಕೊಂಡು, ತನ್ನನ್ನು ಮುಪ್ಪಿನಲ್ಲಿ ನೋಡಿಕೊಳ್ಳದ ಮಕ್ಕಳಿಗೆ ತನ್ನ ಆಸ್ತಿ ಸಿಗದಂತೆ ಉಯಿಲು ಬರೆಸಿದಳು. ಆ ಉಯಿಲು ಇವತ್ತಿಗೂ ಇದೆ. ಆ ಮನೆಯ ಮೊಮ್ಮಕ್ಕಳ ಕಡೆಯಿಂದ ಕಥೆ ಹೇಳಬೇಕು ಅನ್ನುವುದು ಶಿಕ್ಷಕಿಯ ಯೋಚನೆ. ಮೊದಲ ಅಧ್ಯಾಯ ಮುಂದಿನ ತಿಂಗಳು ಕಳಿಸುತ್ತಾರಂತೆ.